ಆಟದ ಯಂತ್ರದಲ್ಲಿ ಅಂಕಪಟ್ಟಿ: ಸ್ಟೀಮ್ ಡೆಕ್ ನಮ್ಮ ಮನೆಯ ಕಂಪ್ಯೂಟರ್ ಆದ ಬಗೆ

ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಎಂಬ ಆಟದ ಯಂತ್ರವನ್ನೇ ಮನೆಯ ಏಕೈಕ ಕಂಪ್ಯೂಟರಾಗಿ ಬಳಸಿಕೊಂಡು ಒಂದು ಸೆಮಿಸ್ಟರನ್ನು ಈಗಷ್ಟೇ ಮುಗಿಸಿದ್ದೇನೆ. ಪ್ರಶ್ನೆಪತ್ರಿಕೆಗಳು, ಪಾಠದ ಟಿಪ್ಪಣಿಗಳು, ಆಂತರಿಕ ಅಂಕಗಳ ಪಟ್ಟಿ, ಆದಾಯ ತೆರಿಗೆಯ ವಿವರಪತ್ರ, ಜೊತೆಗೆ ಬಹುಕಾಲದಿಂದ ಅರ್ಧಕ್ಕೆ ನಿಂತಿದ್ದ ಒಂದು ಅನುವಾದದ ಕರಡು, ಇವೆಲ್ಲವೂ ಅದರಲ್ಲಿಯೇ ಸಿದ್ಧವಾದವು. ನಾನು ಶಿವಮೊಗ್ಗದಲ್ಲಿ ಪದವಿ ತರಗತಿಗಳಿಗೆ ಕನ್ನಡ ಕಲಿಸುವವನು. ಕಂಪ್ಯೂಟರ್ ವಿಜ್ಞಾನ ಓದಿದವನಲ್ಲ. ಈ ಯಂತ್ರವನ್ನು ದಿನಬಳಕೆಗೆ ಒಗ್ಗಿಸಿಕೊಳ್ಳುವುದು ಹೇಗೆಂದು ಇಂಗ್ಲಿಷಿನಲ್ಲಿ ಬೇಕಾದಷ್ಟು ಜನ ಬರೆದಿದ್ದಾರೆ. ಆದರೆ ಕನ್ನಡದಲ್ಲಿ ಟೈಪು ಮಾಡಬೇಕಾದವರಿಗೆ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಕಡತಗಳನ್ನು ಕಟ್ಟಿಕೊಂಡಿರುವವರಿಗೆ, ಕರೆಂಟು ಯಾವಾಗ ಹೋಗುತ್ತದೆಂದು ತಿಳಿಯದ ಊರಿನವರಿಗೆ ಆ ಬರಹಗಳು ಅರ್ಧ ದಾರಿಯವರೆಗೆ ಮಾತ್ರ ಜೊತೆ ಬರುತ್ತವೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ಹವ್ಯಾಸಕ್ಕಾಗಿ ಕೈಗೊಂಡ ಪ್ರಯೋಗವಲ್ಲ. ನನ್ನ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಕೆಟ್ಟು, ಅದರ ದುರಸ್ತಿಗೆ ಅಂಗಡಿಯವರು ಹೇಳಿದ ಮೊತ್ತ ಆ ಹಳೆಯ ಯಂತ್ರದ ಬೆಲೆಗಿಂತ ಹೆಚ್ಚಾಗಿತ್ತು. ಅದೇ ಹೊತ್ತಿಗೆ ದ್ವಿತೀಯ ಪಿಯುಸಿ ಮುಗಿಸಿದ ಮಗ, ಪರೀಕ್ಷೆ ಮುಗಿದ ಮೇಲೆ ನೋಡೋಣ ಎಂದು ನಾನು ಎರಡು ವರ್ಷ ಮುಂದೂಡಿದ್ದ ಆಟದ ಯಂತ್ರವನ್ನು ನೆನಪಿಸತೊಡಗಿದ್ದ. ಎರಡನ್ನೂ ಕೊಳ್ಳುವಷ್ಟು ಹಣವಿರಲಿಲ್ಲ. ಅಮೆರಿಕದಲ್ಲಿರುವ ಹೆಂಡತಿಯ ತಮ್ಮ ರಜೆಗೆ ಊರಿಗೆ ಹೊರಟಿದ್ದವನು ಫೋನಿನಲ್ಲಿ ಒಂದು ದಾರಿ ಹೇಳಿದ: “ಭಾವಾ, ಅದು ಹೆಸರಿಗೆ ಗೇಮು ಅಷ್ಟೆ, ಒಳಗಡೆ ಪೂರ್ತಿ ಲಿನಕ್ಸ್ ಕಂಪ್ಯೂಟರೇ ಇದೆ. ಕೀಬೋರ್ಡು, ಮಾನಿಟರು ಸಿಕ್ಕಿಸಿಕೊಂಡ್ರೆ ನಿಮ್ಮ ಕೆಲಸವೆಲ್ಲ ಆಗತ್ತೆ. ಬೇಕಾದ್ರೆ ತರ್ತೀನಿ.”

ಲಿನಕ್ಸ್ ಎಂದರೆ ವಿಂಡೋಸಿನ ಬದಲು ಕಂಪ್ಯೂಟರನ್ನು ನಡೆಸಬಲ್ಲ ಮುಕ್ತ ಮೂಲತಂತ್ರಾಂಶ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ವಾಲ್ವ್ ಸಂಸ್ಥೆ 2022ರ ಫೆಬ್ರವರಿಯಲ್ಲಿ ಬಿಡುಗಡೆ ಮಾಡಿದ ಈ ಯಂತ್ರದಲ್ಲಿ ನಾಲ್ಕು ಕೋರ್‌ಗಳ ಎಎಂಡಿ ಪ್ರೊಸೆಸರ್ ಮತ್ತು 16 ಜಿಬಿ ರ‍್ಯಾಮ್ ಇವೆ. ತೀರಿಹೋದ ನನ್ನ ಲ್ಯಾಪ್‌ಟಾಪಿನಲ್ಲಿ ಇದ್ದದ್ದು 4 ಜಿಬಿ. ಪರದೆ 7 ಅಂಗುಲದ್ದು, 1280ಕ್ಕೆ 800 ಚುಕ್ಕಿಗಳಷ್ಟು ಸ್ಪಷ್ಟತೆಯದು. ಒಳಗಿರುವ ಸ್ಟೀಮ್‌ಓಎಸ್, ಲಿನಕ್ಸಿನ ಒಂದು ರೂಪವಾದ ಆರ್ಚ್ ಲಿನಕ್ಸ್ ಆಧಾರದ ಮೇಲೆ ಕಟ್ಟಿದ ವ್ಯವಸ್ಥೆ. ಆಟಗಳ ಮುಖಪುಟದ ಹಿಂದೆ ಕೆಡಿಇ ಪ್ಲಾಸ್ಮಾ ಎಂಬ ಪೂರ್ಣಪ್ರಮಾಣದ ಡೆಸ್ಕ್‌ಟಾಪ್ ಇದೆ. 2023ರ ನವೆಂಬರಿನಲ್ಲಿ ಬಂದ ಒಎಲ್‌ಇಡಿ ಪರದೆಯ ಮಾದರಿ 549 ಡಾಲರಿನಿಂದ ಆರಂಭವಾಗುತ್ತಿತ್ತು; ನಾವು ಆರಿಸಿಕೊಂಡದ್ದು 399 ಡಾಲರಿನ, 256 ಜಿಬಿಯ ಹಳೆಯ ಎಲ್‌ಸಿಡಿ ಮಾದರಿ. ಅಲ್ಲಿನ ಮಾರಾಟ ತೆರಿಗೆಯೂ ಸೇರಿ ನಮ್ಮ ಹಣದಲ್ಲಿ ಸುಮಾರು 37,000 ರೂಪಾಯಿ ಆಯಿತು.

ಸ್ಟೀಮ್ ಡೆಕ್ಕನ್ನು ವಾಲ್ವ್ ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲವಾದ್ದರಿಂದ, ಇಲ್ಲಿರುವವರಿಗೆ ಆಮದು ಮಾಡಿ ಮಾರುವ ವ್ಯಾಪಾರಿಗಳು ಇಲ್ಲವೇ ಹೊರದೇಶದಿಂದ ಬರುವ ನೆಂಟರಿಷ್ಟರು ಎಂಬ ಎರಡೇ ದಾರಿಗಳಿವೆ. ವ್ಯಾಪಾರಿಗಳ ಬೆಲೆಯನ್ನು ವಿಚಾರಿಸಿ ನೋಡಿದ್ದೆ. ಅದು ಅಮೆರಿಕದ ಬೆಲೆಗಿಂತ ಸಾಕಷ್ಟು ಮೇಲಿತ್ತು. ಭಾವಮೈದುನ ಬಂದದ್ದು 2025ರ ಮಧ್ಯಭಾಗದಲ್ಲಿ. ಆಗ ಜಾರಿಯಲ್ಲಿದ್ದ 2016ರ ಬ್ಯಾಗೇಜ್ ನಿಯಮಗಳ ಪ್ರಕಾರ ಅವನಂಥ ಪ್ರಯಾಣಿಕರು 50,000 ರೂಪಾಯಿವರೆಗಿನ ವಸ್ತುಗಳನ್ನು ಸುಂಕವಿಲ್ಲದೆ ತರಬಹುದಿತ್ತು. ಅದನ್ನು ಮೀರಿದ ಮೊತ್ತದ ಮೇಲೆ ಶೇ. 38.5ರಷ್ಟು ಸುಂಕ ಬೀಳುತ್ತಿತ್ತು. 18 ವರ್ಷ ದಾಟಿದ ಪ್ರಯಾಣಿಕರಿಗೆ ಒಂದು ಲ್ಯಾಪ್‌ಟಾಪಿಗೆ ಪ್ರತ್ಯೇಕ ವಿನಾಯಿತಿಯೂ ಇತ್ತು. ಆದರೆ ಅವನು ತನ್ನ ಸ್ವಂತ ಲ್ಯಾಪ್‌ಟಾಪನ್ನು ತರುತ್ತಿದ್ದನಾದ್ದರಿಂದ ನಮ್ಮ ಡೆಕ್ಕನ್ನು ಮತ್ತೊಂದು ಕಂಪ್ಯೂಟರೆಂದು ವಾದಿಸುವ ಸಾಧ್ಯತೆ ಇರಲಿಲ್ಲ. ಅದು 50,000ದ ಮಿತಿಯೊಳಗೇ ಬರಬೇಕಿತ್ತು, ಮತ್ತು ಮನೆಮಂದಿಗೆಲ್ಲ ಅವನು ತರುವ ಉಡುಗೊರೆಗಳು ಉಳಿದ ಹದಿಮೂರು ಸಾವಿರದೊಳಗೆ ಮುಗಿಯಬೇಕಿತ್ತು. ಅತ್ತೆಯವರಿಗೆ ಬರಬೇಕಿದ್ದ ಸ್ಮಾರ್ಟ್‌ವಾಚು ಇದರಿಂದಾಗಿ ಮುಂದಿನ ವರ್ಷಕ್ಕೆ ಹೋಯಿತು ಎಂಬ ಸಂಗತಿ ನನಗೆ ಆಮೇಲೆ ಗೊತ್ತಾಯಿತು. ತರಿಸಿಕೊಳ್ಳುವವರು ಖರೀದಿಯ ರಸೀದಿಯನ್ನು ಮುದ್ರಿಸಿ ಯಂತ್ರದ ಜೊತೆಗೇ ಇಡಲು ಹೇಳಿ, ಬ್ಯಾಟರಿ ಇರುವ ವಸ್ತುವಾದ್ದರಿಂದ ಕೈಚೀಲದಲ್ಲಿಯೇ ತರಲು ಹೇಳಿ, ಮತ್ತು ಈ ನಿಯಮಗಳು ಬದಲಾಗುವಂಥವಾದ್ದರಿಂದ ಪ್ರಯಾಣದ ಹೊತ್ತಿಗೆ ಜಾರಿಯಲ್ಲಿರುವ ಮಿತಿ ಎಷ್ಟೆಂದು ಕಸ್ಟಮ್ಸ್ ಇಲಾಖೆಯ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಮೊದಲ ದಿನ ಕೆಲಸವೇನೂ ಆಗದು ಎಂದುಕೊಂಡೇ ಕೂರುವುದು ಒಳ್ಳೆಯದು. ಯಂತ್ರವನ್ನು ಚಾಲೂ ಮಾಡಿದೊಡನೆ ಅದು ವೈಫೈ ಕೇಳುತ್ತದೆ, ದೊಡ್ಡದೊಂದು ಅಪ್‌ಡೇಟನ್ನು ಇಳಿಸಿಕೊಳ್ಳುತ್ತದೆ, ಆಮೇಲೆ ವಾಲ್ವ್‌ನ ಆಟಗಳ ಮಳಿಗೆಯಾದ ಸ್ಟೀಮ್‌ನ ಖಾತೆಯನ್ನು ಕೇಳುತ್ತದೆ; ಅಂತರಜಾಲವಿಲ್ಲದೆ ಈ ಹಂತವನ್ನು ದಾಟಲಾಗದು. ನಮ್ಮ ಬೀದಿಯ ಸಂಪರ್ಕದ ವೇಗಕ್ಕೆ ಆ ಸಂಜೆಯೆಲ್ಲ ಅದರಲ್ಲೇ ಕಳೆಯಿತು. ಅನಂತರ ಸ್ಟೀಮ್ ಗುಂಡಿಯನ್ನು ಒತ್ತಿ, ಪವರ್ ಎಂಬಲ್ಲಿಗೆ ಹೋಗಿ, ಡೆಸ್ಕ್‌ಟಾಪಿಗೆ ಬದಲಾಯಿಸು ಎಂಬ ಆಯ್ಕೆಯನ್ನು ಒತ್ತಿದಾಗ ಕಿಟಕಿಗಳು, ಕೆಳಗಿನ ಪಟ್ಟಿ, ಕಡತಗಳ ಚಿತ್ರಗಳು ಎಲ್ಲ ಇರುವ ಪರಿಚಿತ ನೋಟ ತೆರೆದುಕೊಂಡಿತು. ಅದನ್ನು ಕಂಡಾಗ ಆದ ಸಮಾಧಾನ, ಏನನ್ನಾದರೂ ಬರೆಯಲು ಹೊರಟೊಡನೆ ಕರಗಿತು. ಬಲಗಡೆಯ ಪುಟ್ಟ ಸ್ಪರ್ಶಫಲಕವೇ ಮೌಸ್, ಬಲಗಡೆಯ ಹಿಂಬದಿಯ ಆರ್2 ಗುಂಡಿಯೇ ಕ್ಲಿಕ್, ಎಡಗಡೆಯ ಎಲ್2 ಬಲಕ್ಲಿಕ್ ಎಂಬುದು ಬೆರಳಿಗೆ ಹತ್ತಲು ಸಮಯ ಬೇಕು. ಸ್ಟೀಮ್ ಗುಂಡಿಯ ಜೊತೆ ಎಕ್ಸ್ ಒತ್ತಿದರೆ ಪರದೆಯ ಮೇಲೆ ಕೀಬೋರ್ಡ್ ಮೂಡುತ್ತದೆ. ಆದರೆ ಹಿನ್ನೆಲೆಯಲ್ಲಿ ಸ್ಟೀಮ್ ತಂತ್ರಾಂಶ ತೆರೆದಿದ್ದರೆ ಮಾತ್ರ. ಅದನ್ನು ಮುಚ್ಚಿಬಿಟ್ಟವರು ಕೀಬೋರ್ಡ್ ಮಾಯವಾಯಿತೆಂದು ಗಾಬರಿಯಾಗಬೇಕಿಲ್ಲ. ಮೊದಲ ದಿನದಿಂದಲೇ ಬ್ಲೂಟೂತ್ ಕೀಬೋರ್ಡ್ ಮತ್ತು ಮೌಸ್ ಕೈಯಲ್ಲಿದ್ದರೆ ಈ ಸರ್ಕಸ್ಸು ತಪ್ಪುತ್ತದೆ. ಎರಡೂ ಸೇರಿ ನನಗೆ 1,600 ರೂಪಾಯಿ ಬಿತ್ತು.

ತಂತ್ರಾಂಶಗಳನ್ನು ಹಾಕಿಕೊಳ್ಳುವ ವಿಚಾರದಲ್ಲಿ ಸ್ಟೀಮ್‌ಓಎಸ್ ಬೇರೆ ಲಿನಕ್ಸ್‌ಗಳಂತಲ್ಲ. ಅದರ ಮೂಲ ಭಾಗವನ್ನು ಓದಲು ಮಾತ್ರ ಬಿಟ್ಟು ಬರೆಯದಂತೆ ಬೀಗ ಹಾಕಿರುತ್ತಾರೆ, ಮತ್ತು ಪ್ರತಿ ಅಪ್‌ಡೇಟಿನಲ್ಲಿ ಆ ಭಾಗವನ್ನು ಇಡಿಯಾಗಿ ಹೊಸದರಿಂದ ಬದಲಾಯಿಸುತ್ತಾರೆ. ಬೀಗ ತೆಗೆದು ಪ್ಯಾಕ್‌ಮ್ಯಾನ್ ಆಜ್ಞೆಯಿಂದ ಬೇಕಾದದ್ದನ್ನು ಹಾಕಿಕೊಳ್ಳುವ ವಿಧಾನವನ್ನು ಅಲ್ಲಲ್ಲಿ ಸೂಚಿಸುತ್ತಾರಾದರೂ, ಹಾಗೆ ಹಾಕಿದ್ದೆಲ್ಲ ಮುಂದಿನ ಅಪ್‌ಡೇಟಿನ ಜೊತೆ ಅಳಿಸಿಹೋಗುತ್ತದೆ. ಹೀಗಾಗಿ ನಾನು ಆ ಕಡೆಗೆ ಹೋಗಲೇ ಇಲ್ಲ. ಡಿಸ್ಕವರ್ ಎಂಬ ತಂತ್ರಾಂಶ ಮಳಿಗೆಯಿಂದ ಫ್ಲಾಟ್‌ಪ್ಯಾಕ್ ರೂಪದಲ್ಲಿ, ಅಂದರೆ ಮೂಲ ಭಾಗವನ್ನು ಮುಟ್ಟದ ಪ್ರತ್ಯೇಕ ಪೊಟ್ಟಣಗಳಾಗಿ, ಹಾಕಿಕೊಂಡವು ನಮ್ಮ ಸ್ವಂತ ಕಡತಗಳಿರುವ ಹೋಮ್ ವಿಭಾಗದ ಕಡತಗಳಂತೆಯೇ ಅಪ್‌ಡೇಟಿನ ನಂತರವೂ ಉಳಿಯುತ್ತವೆ. ಲಿಬ್ರೆಆಫೀಸ್, ಫೈರ್‌ಫಾಕ್ಸ್, ಕ್ರೋಮ್, ಝೂಮ್, ವಿಎಲ್‌ಸಿ ಎಲ್ಲವೂ ಅಲ್ಲಿಯೇ ಸಿಗುತ್ತವೆ, ಉಚಿತವಾಗಿ. ಫ್ಲಾಟ್‌ಪ್ಯಾಕ್ ತಂತ್ರಾಂಶಗಳು ತಮಗೆ ಅನುಮತಿ ಇರುವ ಫೋಲ್ಡರುಗಳನ್ನು ಮಾತ್ರ ನೋಡಬಲ್ಲವು ಎಂಬುದೊಂದನ್ನು ನೆನಪಿಡಬೇಕು: ಪೆನ್ ಡ್ರೈವಿನಲ್ಲಿರುವ ಕಡತವನ್ನು ಬ್ರೌಸರಿನ ಇಮೇಲಿನೊಳಗೆ ಎಳೆದು ಬಿಟ್ಟರೆ ಅದು ಹೋಗದಿರಬಹುದು, ಆದರೆ ಅಟ್ಯಾಚ್ ಗುಂಡಿಯ ಮೂಲಕ ಆರಿಸಿದರೆ ಹೋಗುತ್ತದೆ.

ಕನ್ನಡ ಟೈಪಿಂಗ್ ವಿಚಾರಕ್ಕೆ ಬರೋಣ. ನನ್ನ ಬೆರಳುಗಳು ಇಪ್ಪತ್ತು ವರ್ಷಗಳಿಂದ ಅಭ್ಯಾಸ ಮಾಡಿರುವುದು ಕೆ.ಪಿ. ರಾವ್ ಅವರು ರೂಪಿಸಿದ, ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ನಮ್ಮ ಕಚೇರಿಗಳಲ್ಲೆಲ್ಲ ಬೇರೂರಿದ ಕಗಪ ಎಂಬ ಕೀಲಿವಿನ್ಯಾಸವನ್ನು. ನುಡಿ ವಿಂಡೋಸಿಗಾಗಿ ಮಾಡಿದ ತಂತ್ರಾಂಶ. ಲಿನಕ್ಸಿನಲ್ಲಿ ಏನು ಮಾಡುವುದೆಂಬ ಚಿಂತೆ ನನಗೆ ಯಂತ್ರ ಬರುವ ಮೊದಲೇ ಹತ್ತಿತ್ತು. ಕೆಡಿಇಯ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ವಿಭಾಗಕ್ಕೆ ಹೋಗಿ, ಲೇಔಟುಗಳ ಪುಟದಲ್ಲಿ ಹೊಸದನ್ನು ಸೇರಿಸಲು ಹೊರಟಾಗ ಭಾರತೀಯ ಭಾಷೆಗಳ ನಡುವೆ ಕನ್ನಡವೂ, ಅದರ ಕೆಳಗೆ ಕಗಪ ಫೊನೆಟಿಕ್ ಎಂಬ ಪ್ರತ್ಯೇಕ ಆಯ್ಕೆಯೂ ಕಂಡಿತು. ಬೇರಾವ ತಂತ್ರಾಂಶವನ್ನೂ ಇಳಿಸಿಕೊಳ್ಳಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ, ಬೀಗ ತೆಗೆಯಬೇಕಿಲ್ಲ. ಪರದೇಶದಲ್ಲಿ ತಯಾರಾಗಿ ಅಲ್ಲಿಯೇ ಮಾರಾಟವಾದ ಆಟದ ಯಂತ್ರವೊಂದರೊಳಗೆ ನಮ್ಮ ತಾಲ್ಲೂಕು ಕಚೇರಿಯ ಕೀಲಿವಿನ್ಯಾಸ ಕುಳಿತಿರುವುದನ್ನು ಕಂಡು ನಾನು ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. ಅವಳಿಗೆ ಅದರಲ್ಲಿ ಅಂಥ ಆಶ್ಚರ್ಯವೇನೂ ಕಾಣಲಿಲ್ಲ.

ಆದರೆ ಇದು ನುಡಿಯ ತದ್ರೂಪವಲ್ಲ. ನುಡಿಯಲ್ಲಿ ಪದದ ಆರಂಭದಲ್ಲಿ ಸ್ವರದ ಕೀಲಿಯನ್ನು ಒತ್ತಿದರೆ ಪೂರ್ಣ ಸ್ವರವೂ, ವ್ಯಂಜನದ ನಂತರ ಒತ್ತಿದರೆ ಅದರ ಗುಣಿತ ಚಿಹ್ನೆಯೂ ತಾನಾಗಿ ಬರುತ್ತದೆ. ಲಿನಕ್ಸಿನ ಈ ಲೇಔಟು ಹಿಂದಿನ ಅಕ್ಷರವನ್ನು ನೋಡುವುದಿಲ್ಲ. ಇಂಗ್ಲಿಷಿನ ಐ (i) ಕೀಲಿಯನ್ನು ಒತ್ತಿದರೆ ಎಲ್ಲಿದ್ದರೂ ಗುಡಿಸೇ ಬರುತ್ತದೆ. ‘ಇ’ ಎಂಬ ಸ್ವತಂತ್ರ ಸ್ವರ ಬೇಕಾದರೆ ಬಲಗಡೆಯ ಆಲ್ಟ್ ಕೀಲಿಯನ್ನು ಹಿಡಿದು ಅದನ್ನು ಒತ್ತಬೇಕು. ಇದು ತಿಳಿಯುವವರೆಗೆ ‘ಇಲ್ಲಿ’, ‘ಎಂದು’, ‘ಉಂಟು’ ಎಂಬ ಪದಗಳೆಲ್ಲ ಖಾಲಿ ವೃತ್ತವೊಂದಕ್ಕೆ ಜೋತುಬಿದ್ದ ಚಿಹ್ನೆಯಿಂದ ಆರಂಭವಾಗುತ್ತಿದ್ದವು, ಮತ್ತು ಯಂತ್ರದ ಫಾಂಟೇ ಸರಿಯಿಲ್ಲವೇನೋ ಎಂಬ ಅನುಮಾನ ಬರುತ್ತಿತ್ತು. ಒತ್ತಕ್ಷರಕ್ಕೆ ಎಫ್ ಕೀಲಿ ಎಂಬುದರಲ್ಲಿ ಬದಲಾವಣೆಯಿಲ್ಲ. ಬಲ ಆಲ್ಟ್ ಇಲ್ಲದ ಅಥವಾ ಅದರ ಜಾಗದಲ್ಲಿ ಬೇರೆ ಗುಂಡಿಯನ್ನಿಟ್ಟಿರುವ ಚಿಕ್ಕ ಕೀಬೋರ್ಡುಗಳು ಮಾರುಕಟ್ಟೆಯಲ್ಲಿವೆ. ಕನ್ನಡ ಬರೆಯುವವರು ಕೊಳ್ಳುವ ಮುನ್ನ ಆ ಒಂದು ಗುಂಡಿಯನ್ನು ನೋಡಿಕೊಳ್ಳಬೇಕು. ಇನ್ನು ಉದ್ದದ ಟಿಪ್ಪಣಿಗಳಿಗೆ ನಾನು ಕ್ರೋಮ್ ಬ್ರೌಸರಿನಲ್ಲಿ ಗೂಗಲ್ ಡಾಕ್ಸ್ ತೆರೆದು ಧ್ವನಿ ಟೈಪಿಂಗನ್ನು ಬಳಸಿದ್ದುಂಟು. ಅದು ಕನ್ನಡವನ್ನು ತಕ್ಕಮಟ್ಟಿಗೆ ಹಿಡಿಯುತ್ತದೆ, ಡೆಕ್ಕಿನಲ್ಲಿಯೇ ಇರುವ ಮೈಕ್ ಅದಕ್ಕೆ ಸಾಕಾಗುತ್ತದೆ. ಪಂಪ, ರನ್ನರ ಪದ್ಯಗಳನ್ನು ಮಾತ್ರ ಅದಕ್ಕೆ ಹೇಳಲು ಹೋಗಬಾರದು.

ಹಳೆಯ ಕಡತಗಳದ್ದು ಬೇರೆಯೇ ಕಥೆ. ಎಲ್ಲ ಯಂತ್ರಗಳಿಗೂ ಒಂದೇ ಆದ ಯೂನಿಕೋಡ್ ಎಂಬ ಅಕ್ಷರಸಂಕೇತ ರೂಢಿಗೆ ಬರುವ ಮೊದಲು ನುಡಿಯಲ್ಲಿ ಬರೆದ ನನ್ನ ಕಡತಗಳಲ್ಲಿ ಇರುವುದು ನಿಜವಾದ ಕನ್ನಡ ಅಕ್ಷರಗಳಲ್ಲ, ನುಡಿ ಫಾಂಟಿನ ಮೂಲಕ ಕನ್ನಡದಂತೆ ಕಾಣುವ ಇಂಗ್ಲಿಷ್ ಸಂಕೇತಗಳು. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಪುಟವೆಲ್ಲ ಅರ್ಥವಿಲ್ಲದ ರೋಮನ್ ಅಕ್ಷರಗಳು. ಪರಿಹಾರ ಸರಳವಿದೆ: ಹಳೆಯ ಹಾರ್ಡ್ ಡಿಸ್ಕಿನಲ್ಲಿದ್ದ ನುಡಿಯ ಫಾಂಟ್ ಕಡತಗಳನ್ನು ಡೆಕ್ಕಿಗೆ ನಕಲು ಮಾಡಿ, ಅವುಗಳ ಮೇಲೆ ಕ್ಲಿಕ್ಕಿಸಿದಾಗ ಬರುವ ಇನ್‌ಸ್ಟಾಲ್ ಆಯ್ಕೆಯಲ್ಲಿ ನಿಮ್ಮೊಬ್ಬರ ಬಳಕೆಗೆ ಎಂಬುದನ್ನು ಆರಿಸಿದರೆ ಅವು ಹೋಮ್ ವಿಭಾಗದಲ್ಲಿ ಸೇರಿಕೊಳ್ಳುತ್ತವೆ, ಅಪ್‌ಡೇಟಿನಲ್ಲಿ ಅಳಿಯುವುದಿಲ್ಲ, ಮತ್ತು ಲಿಬ್ರೆಆಫೀಸ್ ಅವನ್ನು ಗುರುತಿಸುತ್ತದೆ. ಗುಬ್ಬಿ, ನವಿಲು ಮುಂತಾದ ಮುಕ್ತ ಯೂನಿಕೋಡ್ ಫಾಂಟುಗಳನ್ನೂ ಇದೇ ರೀತಿ ಹಾಕಿಕೊಂಡೆ. ಓದುವುದಕ್ಕೆ ಇಷ್ಟು ಸಾಕು. ಹಳೆಯ ಕಡತವನ್ನು ತಿದ್ದಿ ಮುಂದುವರಿಸಬೇಕಾದರೆ ಮಾತ್ರ ಅದನ್ನು ಯೂನಿಕೋಡಿಗೆ ಪರಿವರ್ತಿಸಲೇಬೇಕು. ಬ್ರೌಸರಿನಲ್ಲಿಯೇ ನಡೆಯುವ ಪರಿವರ್ತಕಗಳಿವೆ; ಅವುಗಳ ಕೆಲಸ ಬಹುಪಾಲು ಚೆನ್ನಾಗಿರುತ್ತದೆಯಾದರೂ ಅರ್ಕಾವೊತ್ತು ಮತ್ತು ಒತ್ತಕ್ಷರಗಳು ಕೂಡಿ ಬಂದ ಕಡೆಗಳಲ್ಲಿ ಅಕ್ಷರಗಳ ಸ್ಥಾನ ಪಲ್ಲಟವಾಗುವುದುಂಟು. ಅನುವಾದದ ಹಳೆಯ ಅಧ್ಯಾಯಗಳನ್ನು ಹೀಗೆ ಪರಿವರ್ತಿಸಿ, ‘ಧರ್ಮ’, ‘ಕಾರ್ಯ’, ‘ವರ್ಷ’ಗಳನ್ನು ಒಂದೊಂದಾಗಿ ಕಣ್ಣಿಟ್ಟು ಸರಿಪಡಿಸುವುದರಲ್ಲಿ ದಸರಾ ರಜೆಯೆಲ್ಲ ಕಳೆಯಿತು. ಈ ಸಂಕಟಕ್ಕೂ ಡೆಕ್ಕಿಗೂ ಸಂಬಂಧವಿಲ್ಲ. ವಿಂಡೋಸ್ ಬಿಟ್ಟು ಯಾವ ಯಂತ್ರಕ್ಕೆ ಹೋದರೂ ಇದನ್ನು ಎದುರಿಸಲೇಬೇಕು, ಆದ್ದರಿಂದ ಹೊಸ ಯಂತ್ರ ಬರುವ ಮೊದಲೇ ಮುಗಿಸಿಕೊಂಡರೆ ಒಳ್ಳೆಯದು.

ಇನ್ನು ತಂತಿಗಳ ವಿಷಯ. ಡೆಕ್ಕಿಗಿರುವುದು ಒಂದೇ ಯುಎಸ್‌ಬಿ ಸಿ ಕಿಂಡಿ, ಅದೂ ತಲೆಯ ಭಾಗದಲ್ಲಿ. ಚಾರ್ಜರು, ಮಾನಿಟರು, ಪೆನ್ ಡ್ರೈವ್ ಎಲ್ಲವೂ ಅದೊಂದರ ಮೂಲಕವೇ ಹೋಗಬೇಕಾದ್ದರಿಂದ, ಒಂದು ಕಿಂಡಿಯನ್ನು ಹಲವಾಗಿಸುವ ಹಬ್ ಇಲ್ಲದೆ ದಿನಬಳಕೆ ಸಾಧ್ಯವಿಲ್ಲ. ಹಬ್ ಕೊಳ್ಳಲು ನಮ್ಮೂರಿನ ಅಂಗಡಿಗೆ ಯಂತ್ರವನ್ನೇ ಕೊಂಡೊಯ್ದಿದ್ದೆ. ಅಂಗಡಿಯ ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಸಾರ್, ಇದು ಮಕ್ಕಳು ಆಡೋದಲ್ವಾ? ಇದಕ್ಕೆ ಮಾನಿಟರ್ ಯಾಕೆ?” ಎಂದು ಕೇಳಿದ. ಅವನು ಕೊಟ್ಟ ಹಬ್ಬಿನಲ್ಲಿ ಚಿತ್ರ ಬಂತು, ಪೆನ್ ಡ್ರೈವ್ ತೆರೆಯಿತು, ಆದರೆ ಚಾರ್ಜರನ್ನು ಅದರ ಮೂಲಕ ಕೊಟ್ಟಾಗ ನಿಧಾನದ ಚಾರ್ಜರ್ ಎಂಬ ಎಚ್ಚರಿಕೆ ಪರದೆಯ ಮೇಲೆ ಮೂಡತೊಡಗಿತು. ಡೆಕ್ಕಿನ ಚಾರ್ಜರ್ 45 ವ್ಯಾಟ್‌ನದು. ಯುಎಸ್‌ಬಿ ಪವರ್ ಡೆಲಿವರಿ ಎಂಬ ಪದ್ಧತಿಯಲ್ಲಿ 15 ವೋಲ್ಟ್‌ನಲ್ಲಿ 3 ಆಂಪಿಯರ್ ಕೊಡುತ್ತದೆ. ಹಬ್ಬಿಗೂ ಆ ಪದ್ಧತಿ ಗೊತ್ತಿರಬೇಕು, ಸಾಕಷ್ಟು ವಿದ್ಯುತ್ತನ್ನು ಮುಂದಕ್ಕೆ ಬಿಡಬೇಕು. ಮೊಬೈಲಿನ ಜೊತೆ ಬರುವ 65 ಅಥವಾ 80 ವ್ಯಾಟ್‌ನ ಚಾರ್ಜರುಗಳನ್ನು ಕಂಡು ಮೋಸಹೋಗಬಾರದು; ಅವುಗಳಲ್ಲಿ ಹಲವು ತಮ್ಮದೇ ಕಂಪನಿಯ ಫೋನಿಗೆ ಮಾತ್ರ ಅಷ್ಟು ಕೊಟ್ಟು ಉಳಿದ ಯಂತ್ರಗಳಿಗೆ ಬಹಳ ಕಡಿಮೆ ಕೊಡುತ್ತವೆ. ಕೊನೆಗೆ ಬೆಂಗಳೂರಿಗೆ ಮೌಲ್ಯಮಾಪನಕ್ಕೆಂದು ಹೋದಾಗ ಎಸ್.ಪಿ. ರಸ್ತೆಯಲ್ಲಿ 100 ವ್ಯಾಟ್ ಪವರ್ ಡೆಲಿವರಿ ಎಂದು ಮೈಮೇಲೆ ಬರೆದಿದ್ದ ಹಬ್ಬನ್ನು 2,400 ರೂಪಾಯಿಗೆ ತಂದೆ, ಎಚ್ಚರಿಕೆ ನಿಂತಿತು. ಅಮೆರಿಕದ ಚಪ್ಪಟೆ ಪಿನ್ನಿಗೆ ಒಂದು ಕನ್ವರ್ಟರ್ ಪ್ಲಗ್ಗೂ ಬೇಕು. ಚಾರ್ಜರ್ ನಮ್ಮ ವೋಲ್ಟೇಜಿಗೆ ಹೊಂದುವುದರಿಂದ ಬೇರೆ ಟ್ರಾನ್ಸ್‌ಫಾರ್ಮರ್ ಬೇಡ.

ಮಾನಿಟರನ್ನು ಹಳೆಯದೊಂದನ್ನೇ 4,000ಕ್ಕೆ ಕೊಂಡೆ. ಏಳು ಅಂಗುಲದ ಪರದೆಯಲ್ಲಿ ಇಂಗ್ಲಿಷ್ ಹೇಗೋ ಓದಬಹುದು, ಕನ್ನಡದ ಒತ್ತಕ್ಷರಗಳನ್ನು ನಲವತ್ತೆಂಟರ ಕಣ್ಣು ಓದಲಾರದು. ಪ್ರಯಾಣದಲ್ಲಿ ಅದೇ ಪರದೆಯನ್ನು ಬಳಸಬೇಕಾದಾಗ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಅಳತೆಯನ್ನು ಶೇ. 125ಕ್ಕೋ 150ಕ್ಕೋ ಏರಿಸಿಕೊಳ್ಳುತ್ತೇನೆ.

ಈ ಯಂತ್ರ ನನ್ನ ಮನಸ್ಸನ್ನು ನಿಜವಾಗಿ ಗೆದ್ದದ್ದು ಕರೆಂಟು ಹೋದಾಗ. ಮಳೆಗಾಲದ ಸಂಜೆ, ಆಂತರಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಯ ಮಧ್ಯದಲ್ಲಿ ಮಾನಿಟರ್ ಕಪ್ಪಾಯಿತು. ಮೇಜಿನ ಮೇಲಿದ್ದ ಡೆಕ್ಕಿನ ಪುಟ್ಟ ಪರದೆಗೆ ಅದೇ ಕಡತ, ಅದೇ ಸಾಲು, ತಾನಾಗಿ ಬಂದು ಕುಳಿತಿತು. ಒಳಗೆ 40 ವ್ಯಾಟ್ ಅವರ್‌ಗಳ ಬ್ಯಾಟರಿ ಇರುವುದರಿಂದ ಬರವಣಿಗೆಯಷ್ಟೇ ಆದರೆ ಸಂಜೆಯೆಲ್ಲ ನಡೆಯುತ್ತದೆ. ಆಟವಾಡಿದರೆ ಎರಡು ಗಂಟೆಗೇ ಮುಗಿಯಬಹುದು. ಕಂಟ್ರೋಲ್ ಹಿಡಿದು ಮೌಸಿನ ಚಕ್ರ ತಿರುಗಿಸಿ ಅಕ್ಷರಗಳನ್ನು ಹಿಗ್ಗಿಸಿಕೊಂಡು ಕೆಲಸ ಮುಂದುವರಿಸಿದೆ. ಸದಾ ಚಾರ್ಜರಿಗೆ ಸಿಕ್ಕಿಸಿಯೇ ಇಡುವವರು ಬ್ಯಾಟರಿಯ ಆಯಸ್ಸಿನ ಬಗ್ಗೆ ಯೋಚಿಸಬೇಕು. 2025ರಲ್ಲಿ ಬಂದ ಸ್ಟೀಮ್‌ಓಎಸ್ 3.7ರಲ್ಲಿ ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ಸೌಲಭ್ಯ ಸೇರಿದೆ. ಮಳೆಗಾಲದಲ್ಲಿ ನಾನು ಅದನ್ನು ತೆಗೆದಿಟ್ಟಿದ್ದೆ, ಈಗ ಮತ್ತೆ ಹಾಕಿದ್ದೇನೆ.

ಕಾಲೇಜಿಗೆ ಒಯ್ದ ಮೊದಲ ದಿನ ಸ್ಟಾಫ್ ರೂಮಿನಲ್ಲಿ ನಗೆಪಾಟಲಾದದ್ದನ್ನು ವಿವರಿಸಬೇಕಾಗಿಲ್ಲ. “ಏನ್ರೀ, ಮಗಂದು ಕಿತ್ಕೊಂಡು ಬಂದ್ರಾ?” ಎಂದರು ನಮ್ಮ ವಿಭಾಗದ ಮುಖ್ಯಸ್ಥರು. ತೊಡಕು ಎದುರಾದದ್ದು ತರಗತಿಯ ಪ್ರೊಜೆಕ್ಟರಿನಲ್ಲಿ: ಅದರ ತಂತಿ ಹಳೆಯ ನೀಲಿ ವಿಜಿಎ ತಲೆಯದು, ನನ್ನ ಹಬ್ಬಿನಲ್ಲಿರುವುದು ಎಚ್‌ಡಿಎಂಐ. ನಡುವೆ ಹಾಕುವ ಪರಿವರ್ತಕ 350 ರೂಪಾಯಿಗೆ ಸಿಗುತ್ತದೆ; ಅದರಲ್ಲಿ ಚಿತ್ರ ಮಾತ್ರ ಹೋಗುತ್ತದೆ, ಧ್ವನಿ ಹೋಗುವುದಿಲ್ಲ. ಕೀಬೋರ್ಡಿನಲ್ಲಿ ವಿಂಡೋಸ್ ಗುರುತಿನ ಗುಂಡಿಯ ಜೊತೆ ಪಿ ಒತ್ತಿದರೆ ಎರಡೂ ಪರದೆಗಳಲ್ಲಿ ಒಂದೇ ಚಿತ್ರ ಬೇಕೇ, ಬೇರೆ ಬೇರೆ ಬೇಕೇ ಎಂದು ಕೇಳುತ್ತದೆ. ಡೆಸ್ಕ್‌ಟಾಪಿನಲ್ಲಿದ್ದಾಗ ಡೆಕ್ಕಿನ ಎಡಗಡೆಯ ದಿಕ್ಕಿನ ಗುಂಡಿಗಳು ಕೀಬೋರ್ಡಿನ ಬಾಣದ ಕೀಲಿಗಳಂತೆ ಕೆಲಸ ಮಾಡುವುದರಿಂದ, ಯಂತ್ರವನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದಲೇ ಸ್ಲೈಡುಗಳನ್ನು ಸರಿಸಬಹುದು. ವಿದ್ಯಾರ್ಥಿಗಳು ಕುಮಾರವ್ಯಾಸನಿಗಿಂತ ನನ್ನ ಕೈಯನ್ನೇ ಹೆಚ್ಚು ನೋಡಿದರು ಎಂಬುದನ್ನು ಬಿಟ್ಟರೆ ಪಾಠ ಸರಾಗವಾಗಿ ನಡೆಯಿತು.

ಬ್ರೌಸರಿನಲ್ಲಿ ಆಗುವ ಸರ್ಕಾರಿ ಕೆಲಸಗಳಲ್ಲಿ ತೊಂದರೆಯೇ ಬರಲಿಲ್ಲ. ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಜಾಲತಾಣದಲ್ಲಿ ಅಂಕಗಳ ನಮೂದು, ತೆರಿಗೆ ವಿವರಪತ್ರ ಸಲ್ಲಿಸಿ ಆಧಾರ್ ಒಟಿಪಿಯಿಂದ ದೃಢೀಕರಿಸುವುದು, ಎಲ್ಲವೂ ಬೇರೆ ಕಂಪ್ಯೂಟರಿನಲ್ಲಿ ಆದಂತೆಯೇ ಆದವು. ತೊಂದರೆ ಬಂದದ್ದು ಮಗನಿಗೆ. ಅವನು ಸೇರಿದ್ದ ತರಬೇತಿ ಸಂಸ್ಥೆಯೊಂದರ ಆನ್‌ಲೈನ್ ಪರೀಕ್ಷೆಗೆ, ಪರೀಕ್ಷೆಯ ಹೊತ್ತಿನಲ್ಲಿ ಬೇರೇನನ್ನೂ ತೆರೆಯಲು ಬಿಡದ ವಿಶೇಷ ಬ್ರೌಸರ್ ಬೇಕಿತ್ತು. ಅದು ವಿಂಡೋಸಿಗೆ ಮಾತ್ರ ಲಭ್ಯವಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಇದು ತಿಳಿದು, ಬೆಳಿಗ್ಗೆ ಎದ್ದು ಅವನ ಗೆಳೆಯನ ಮನೆಗೆ ಓಡಬೇಕಾಯಿತು. ಡೆಕ್ಕಿನಲ್ಲಿ ಕ್ಯಾಮೆರಾವೂ ಇಲ್ಲ; ಆನ್‌ಲೈನ್ ಸಭೆಗಳಲ್ಲಿ ಮುಖ ತೋರಿಸಲೇಬೇಕಾದವರು ಯುಎಸ್‌ಬಿ ಕ್ಯಾಮೆರಾ ಕೊಳ್ಳಬೇಕು, ಇಲ್ಲವೇ ನನ್ನಂತೆ ಫೋನಿನಿಂದ ಸೇರಿಕೊಳ್ಳಬೇಕು. ಡಿಜಿಟಲ್ ಸಹಿಯ ಟೋಕನ್ ಬಳಸುವ ಲೆಕ್ಕಪತ್ರದವರು, ಪೇಜ್‌ಮೇಕರಿನಲ್ಲಿ ಪುಟ ಕಟ್ಟುವ ಡಿಟಿಪಿಯವರು ತಮ್ಮ ತಂತ್ರಾಂಶ ಲಿನಕ್ಸಿನಲ್ಲಿ ನಡೆಯುತ್ತದೆಯೇ ಎಂದು ಹಣ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಅಂಥವರಿಗೆ ವಿಂಡೋಸ್ ಇರುವ ಕೈಯಂತ್ರಗಳೇ ವಾಸಿ. ಏಸಸ್‌ನ ಆರ್‌ಒಜಿ ಅಲೈ 2023ರ ಜುಲೈಯಲ್ಲಿ 69,990 ರೂಪಾಯಿಗೆ ಭಾರತದಲ್ಲಿಯೇ ಅಧಿಕೃತವಾಗಿ ಮಾರಾಟಕ್ಕೆ ಬಂತು. ಬೆಲೆ ಹೆಚ್ಚು, ಆದರೆ ಅದರಲ್ಲಿರುವುದು ವಿಂಡೋಸ್ 11.

ಒಂದೇ ಯಂತ್ರವನ್ನು ಇಬ್ಬರು ಹಂಚಿಕೊಳ್ಳುವುದು ತಾಂತ್ರಿಕ ಸಮಸ್ಯೆಗಿಂತ ಗೃಹಕೃತ್ಯದ ಸಮಸ್ಯೆ. ಆಟದ ಭಾಗದಿಂದ ಡೆಸ್ಕ್‌ಟಾಪಿಗೆ ಬಂದೊಡನೆ ನಡೆಯುತ್ತಿರುವ ಆಟ ಮುಚ್ಚಿಹೋಗುತ್ತದೆ. ಆಟವನ್ನು ಹಾಗೆಯೇ ನಿಲ್ಲಿಸಿಟ್ಟು ಈ ಕಡೆ ಬರಲಾಗದು. “ಅಪ್ಪಾ, ಐದೇ ನಿಮಿಷ, ಸೇವ್ ಆಗೋ ಜಾಗ ಬರ್ಲಿ” ಎಂಬ ಮಾತನ್ನು ನಾನು ಈ ಸೆಮಿಸ್ಟರಿನಲ್ಲಿ ಕೇಳಿದಷ್ಟು ಬೇರಾವುದನ್ನೂ ಕೇಳಿಲ್ಲ. ಡೆಸ್ಕ್‌ಟಾಪಿನಲ್ಲಿರುವುದು ಡೆಕ್ ಎಂಬ ಒಂದೇ ಬಳಕೆದಾರ, ಅದಕ್ಕೆ ಮೊದಲಿಗೆ ಪಾಸ್‌ವರ್ಡೂ ಇರುವುದಿಲ್ಲ. ಪ್ರಶ್ನೆಪತ್ರಿಕೆ ತಯಾರಿಸುವವರು ಇದನ್ನು ಹಾಗೆಯೇ ಬಿಡಬಾರದು. ಕಾನ್ಸೋಲ್ ತಂತ್ರಾಂಶ ತೆರೆದು ಪಾಸ್‌ವರ್ಡ್ ಇಡುವ ಆಜ್ಞೆಯನ್ನು ಕೊಡಬೇಕು, ಆಟದ ಭಾಗದ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯೂರಿಟಿ ಎಂಬಲ್ಲಿ ಪಿನ್ ಇಟ್ಟು ಡೆಸ್ಕ್‌ಟಾಪಿಗೆ ಬದಲಾಗುವಾಗ ಅದನ್ನು ಕೇಳುವಂತೆ ಮಾಡಬೇಕು, ಮತ್ತು ಗೋಪ್ಯವಾದ ಕಡತಗಳನ್ನು ಲಿಬ್ರೆಆಫೀಸಿನಲ್ಲಿ ಉಳಿಸುವಾಗ ಪಾಸ್‌ವರ್ಡ್ ಸಹಿತ ಎಂಬ ಆಯ್ಕೆಯನ್ನು ಗುರುತಿಸಬೇಕು. ಮುದ್ರಣಕ್ಕೆ ನಾನು ಪಿಡಿಎಫ್ ಮಾಡಿ ಪೆನ್ ಡ್ರೈವಿನಲ್ಲಿ ಜೆರಾಕ್ಸ್ ಅಂಗಡಿಗೆ ಒಯ್ಯುತ್ತೇನೆ; ಪ್ರಶ್ನೆಪತ್ರಿಕೆಯಾದರೆ ಕಾಲೇಜಿನ ಪರೀಕ್ಷಾ ವಿಭಾಗದ ಪ್ರಿಂಟರಿನಲ್ಲಿಯೇ. ಪಿಡಿಎಫ್‌ನಲ್ಲಿ ಫಾಂಟು ಒಳಗೇ ಸೇರಿರುವುದರಿಂದ ಅಲ್ಲಿನ ಕಂಪ್ಯೂಟರಿನಲ್ಲಿ ಕನ್ನಡ ಕೆಡುವುದಿಲ್ಲ.

ಯಂತ್ರ, ಕೀಬೋರ್ಡು, ಮೌಸು, ಹಬ್ಬು, ಮಾನಿಟರು, ಚಿಲ್ಲರೆ ತಂತಿಗಳೆಲ್ಲ ಸೇರಿ ಒಟ್ಟು 46,000 ರೂಪಾಯಿಯ ಆಸುಪಾಸಿನಲ್ಲಿ ನಿಂತಿತು. ಈ ಹಣಕ್ಕೆ ಸಾಧಾರಣವಾದ ಹೊಸ ಲ್ಯಾಪ್‌ಟಾಪು ಇಲ್ಲಿಯೇ, ವಾರಂಟಿ ಸಮೇತ ಸಿಗುತ್ತಿತ್ತು. ಆಟವಾಡುವವರು ಮನೆಯಲ್ಲಿಲ್ಲದಿದ್ದರೆ ನಾನು ಅದನ್ನೇ ಕೊಳ್ಳುತ್ತಿದ್ದೆ. ಹೊರಗಿನಿಂದ ತಂದ ಡೆಕ್ಕಿಗೆ ಇಲ್ಲಿ ಅಧಿಕೃತ ಸೇವಾಕೇಂದ್ರವಿಲ್ಲ. ಐಫಿಕ್ಸಿಟ್ ಸಂಸ್ಥೆ ಬಿಡಿಭಾಗಗಳನ್ನೂ ಬಿಚ್ಚಿ ಜೋಡಿಸುವ ಸಚಿತ್ರ ವಿವರಗಳನ್ನೂ ಕೊಡುತ್ತದೆಯಾದರೂ ಆ ಭಾಗಗಳನ್ನೂ ಯಾರಾದರೂ ಹೊತ್ತು ತರಬೇಕು. ಆದ್ದರಿಂದ ಪ್ರತಿ ಶನಿವಾರ ಹೋಮ್ ವಿಭಾಗದ ಡಾಕ್ಯುಮೆಂಟ್ಸ್ ಫೋಲ್ಡರನ್ನು ಪೆನ್ ಡ್ರೈವಿಗೆ ನಕಲು ಮಾಡಿಡುತ್ತೇನೆ. ಡೆಕ್ಕಿನೊಳಗೆ ಹಾಕುವ ಮೈಕ್ರೋ ಎಸ್‌ಡಿ ಕಾರ್ಡನ್ನು ಈ ಕೆಲಸಕ್ಕೆ ನೆಚ್ಚಿಕೊಳ್ಳಬೇಡಿ: ಯಂತ್ರ ಅದನ್ನು ಲಿನಕ್ಸಿನ ಇಎಕ್ಸ್‌ಟಿ4 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡುವುದರಿಂದ, ತುರ್ತಿಗೆ ಕಾಲೇಜಿನ ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ಅದು ತೆರೆಯುವುದಿಲ್ಲ. ಎಕ್ಸ್‌ಫ್ಯಾಟ್ ಮಾದರಿಯ ಸಾಮಾನ್ಯ ಪೆನ್ ಡ್ರೈವ್ ಎರಡೂ ಕಡೆ ತೆರೆಯುತ್ತದೆ.